ಬಾಗಿಲಿಗೆ ಕಟ್ಟಿದ ಡೈನಮೊ

ಪ್ರೀತಿಯ ತಂಗಿಗೆ,

ಹೇಗಿದ್ದೀಯ? ಭಾವನವರ ಸೊಂಟನೋವು ಕಡಿಮೆಯಾಯಿತೇ? ನಿನ್ನ ಮೊಮ್ಮಕ್ಕಳು ಗುಂಡಾಣಿ, ಚಿನಕುರಳಿ ಇಬ್ಬರ ಕೆಮ್ಮೂ ವಾಸಿಯಾಯಿತೇ? ನಾನು ಗಟ್ಟಿಯಾಗಿದ್ದೇನೆ.

ನಮ್ಮ ಮುಂಬಾಗಿಲಿಗೆ ನಾನು ಸೈಕಲ್ ಡೈನಮೊ ಕಟ್ಟಿದ್ದು ನಿನಗೆ ಗೊತ್ತಲ್ಲ. ಬಾಗಿಲು ತೆಗೆದು ಹಾಕಿದಾಗಲೆಲ್ಲ ಬ್ಯಾಟರಿಗೆ ಒಂದಿಷ್ಟು ಕರೆಂಟು ಹೋಗಿ, ಅದರಿಂದ ರೇಡಿಯೊ ನಡೆಯುತ್ತದೆ. ನಿನ್ನ ಅತ್ತಿಗೆ ಬಟ್ಟೆ ಹೊಲಿಯುತ್ತಿದ್ದ ಕಾಲದಲ್ಲಿ ಅಳತೆ ಕೊಡುವವರು, ರವಿಕೆ ಬಿಗಿಯಾಯಿತೆಂದು ಜಗಳಕ್ಕೆ ಬರುವವರು ಎಂದು ಜನ ಬಂದೂ ಬಂದೂ, ರೇಡಿಯೊ ದಿನವಿಡೀ ಬಾಯಿ ಮುಚ್ಚುತ್ತಿರಲಿಲ್ಲ. ಈಗ ವಾರ್ತೆ ಓದುವವಳು ಅರ್ಧಕ್ಕೇ ಸುಮ್ಮನಾಗುತ್ತಾಳೆ. ಡೈನಮೊ ಬಿಚ್ಚಿ ನೋಡಿದೆ, ಏನೂ ಕೆಟ್ಟಿಲ್ಲ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬಹುದು, ಮನಸ್ಸು ಬರುವುದಿಲ್ಲ.

ಮೊನ್ನೆ ನಾನೇ ನಿಂತು ಬಾಗಿಲು ತೆಗೆದು ಹಾಕುತ್ತಿದ್ದೆ. ಎದುರು ಮನೆಯಾಕೆ, "ಏನಜ್ಜ, ಆಗಿಂದ ಯಾರನ್ನ ಒಳಗೆ ಕರೀತಿದ್ದೀರಿ, ಯಾರನ್ನ ಆಚೆ ಕಳಿಸ್ತಿದ್ದೀರಿ?" ಎಂದು ನಕ್ಕಳು.

"ಬಾಗಿಲಿಗೆ ಎಣ್ಣೆ ಬಿಟ್ಟಿದ್ದೀನಿ ಕಣಮ್ಮ, ಸರಿಹೋಯ್ತಾ ನೋಡ್ತಿದ್ದೀನಿ" ಎಂದುಬಿಟ್ಟೆ.

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಾ. ಹೋದ ಸಲ ನಿನ್ನ ಅತ್ತಿಗೆ ಹಾಸಿಗೆ ಹಿಡಿದಿದ್ದಳೆಂದು, ಬಾಗಿಲು ದಡಾರೆನ್ನಿಸಬೇಡಿ ಎಂದು ಅವರನ್ನು ಗದರಿದ್ದೆ. ಈಗ ಮನೆಯಲ್ಲಿ ಯಾರ ನಿದ್ದೆಯೂ ಕೆಡುವುದಿಲ್ಲ, ಬೇಕಾದಷ್ಟು ಓಡಾಡಲಿ.

ಬರಲು ಆಗದಿದ್ದರೂ ಬೇಗ ಪತ್ರ ಬರೆ. ಸಂದಿಯಲ್ಲಿ ತೂರಿಸದೆ, ಬಾಗಿಲು ತೆಗೆದು ಒಳಗೇ ಬಂದು ಕೊಡಬೇಕೆಂದು ಅಂಚೆಯವನಿಗೆ ಹೇಳಿಟ್ಟಿದ್ದೇನೆ.

ನಿನ್ನ ಅಣ್ಣ