ಕಳಕಮ್ಮಕ್ಕನ ಅಂಗೈ ಒಪ್ಪಿದ ಫರಸಿ

೬ ಮಾರ್ಚ್ ೨೦೧೧, ಭಾನುವಾರ

ಮತ್ತೆ ಅದೇ. ಬೆಳಿಗ್ಗೆ ರೊಟ್ಟಿ, ಆಮೇಲೆ ನೆಲದ ಜಗಳ. ಹೊಸ ಮನೆಗೆ ಸ್ಲ್ಯಾಬ್ ಹಾಕಿಸಿ ತಿಂಗಳಾಯಿತು, ನೆಲಕ್ಕೆ ಏನು ಹಾಸಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಇವರಿಗೆ ಗಂಗಾವತಿಯ ಅಂಗಡಿಯಲ್ಲಿ ಕಂಡ ಬಿಳಿ ಟೈಲ್ಸೇ ಆಗಬೇಕು. "ಮಾರಿ ಕಾಣತೈತಿ ಅದರಾಗ! ಕನ್ನಡೀನ ಬ್ಯಾಡ!"

ನಾನು ವಿಜ್ಞಾನದ ಟೀಚರ್. ಶಾಲೆಯಲ್ಲಿ ಪರಿಸರ, ಪರಿಸರ ಎಂದು ಗಂಟಲು ಹರಿದುಕೊಳ್ಳುವುದು. ಮನೆಗೆ ಮಾತ್ರ ಭಟ್ಟಿಯಲ್ಲಿ ಸುಟ್ಟು, ಲಾರಿಯಲ್ಲಿ ಎಲ್ಲಿಂದಲೋ ಬಂದ ಟೈಲ್ಸ್? ಬಿದಿರಿನ ನೆಲವೂ ಇದೆಯಂತೆ, ಪತ್ರಿಕೆಯಲ್ಲಿ ಓದಿದೆ ಎಂದೆ.

"ಕುಷ್ಟಗ್ಯಾಗ ಬಿದಿರು? ಗೆದ್ದಲಾ ಊಟಕ್ಕ ಕರದಂಗ ಆಗತೈತಿ ನೋಡು."

ನಗು ಬಂದುಬಿಟ್ಟಿತು. ಸೋತೆ.

ಇವರ ಅಕ್ಕ ಕಳಕಮ್ಮ ಮೂಲೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಮೂರು ವರ್ಷದವರಿದ್ದಾಗ ಪೋಲಿಯೊ. ಅಂದಿನಿಂದ ಎರಡು ಅಂಗೈ ಊರಿ, ಮೈ ಎಳೆದುಕೊಂಡೇ ಓಡಾಟ. ಒಮ್ಮೆಲೇ ಅಂದರು, "ನಾ ಅಂತೂ ಹೊಸ ಮನಿಗೆ ಬರಂಗಿಲ್ಲ. ನೀವು ಹೋಗ್ರಿ."

ಇವರ ಮುಖ ಸಣ್ಣಗಾಯಿತು. ಎದ್ದು ಹೊರಗೆ ಹೋದರು.

೭ ಮಾರ್ಚ್

ಯಾಕ್ರೀ ಅಕ್ಕ ಎಂದು ಕೇಳಿದೆ. ಬಲಗೈ ಮಣಿಕಟ್ಟು ತೋರಿಸಿದರು.

"ಹ್ವಾದ ವರ್ಷ ಓಣ್ಯಾಗಿನ ವೆಂಕಟೇಶನ ಮನಿ ಓಪನಿಂಗದಾಗ ಬಿದ್ದಿದ್ನೆಲ್ಲ? ಟೈಲ್ಸ್ ಮ್ಯಾಲ ನೀರು ಚೆಲ್ಲಿತ್ತು. ಎರಡು ತಿಂಗಳು ಬಿದ್ದಲ್ಲೇ ಬಿದ್ದಿದ್ದೆ. ನನಗ ಕೈಯೇ ಕಾಲು, ಮಹೇಶ್ವರಿ. ಇನ್ನೊಮ್ಮೆ ಮುರದ್ರ ನಾ ಮುಗದಂಗ."

ಹನ್ನೊಂದು ವರ್ಷ ಒಂದೇ ಸೂರಿನಡಿ ಇದ್ದೇವೆ. ನೆಲದ ಬಗ್ಗೆ ಗೌಂಡಿಯನ್ನು ಕೇಳಿದೆವು, ನೆರೆಯವರನ್ನು ಕೇಳಿದೆವು. ಅಕ್ಕನನ್ನು ಮಾತ್ರ ಕೇಳಲಿಲ್ಲ. ಎಲ್ಲರೂ ನಿಂತುಕೊಂಡು, ಕಣ್ಣಿಂದ ಆರಿಸುವವರೇ. ಥೂ ನನ್ನ ಓದಿಗೆ!

೧೩ ಮಾರ್ಚ್, ಮಧ್ಯಾಹ್ನ ೩

ಈಗಷ್ಟೇ ಬಂದೆವು. ಕಾಲು ಕೂಡ ತೊಳೆಯದೆ ಬರೆಯಲು ಕೂತೆ.

ಅಕ್ಕನನ್ನು ಆಟೋದಲ್ಲಿ ಕೂರಿಸಿಕೊಂಡು ಮಕ್ಬುಲಸಾಬರ ಕಲ್ಲಿನ ಅಂಗಡಿಗೆ ಹೋಗಿದ್ದು. ಇವರೂ ಬಂದರು, ಮುಖ ಊದಿಸಿಕೊಂಡು. ಮಕ್ಬುಲಸಾಬರು ಅಕ್ಕನ ಅಂಗೈ ನೋಡಿದರು. ತರತರದ ಕಲ್ಲು ನೆಲಕ್ಕೆ ಹಾಸಿ ಒಂದು ಕೊಡ ನೀರು ಸುರಿದರು. "ಈಗ ನೋಡ್ರಿ ಅಕ್ಕಾರ. ತೋಯ್ದ ಮ್ಯಾಲ ಕಲ್ಲಿನ ಗುಣ ಗೊತ್ತಾಗೋದು."

ಪಾಲಿಶ್ ಗ್ರಾನೈಟ್ ಮೇಲೆ ಅಂಗೈ ಇಟ್ಟದ್ದೇ, "ಒಲ್ಲೆ." ಉಳಿಯಿಂದ ಕಚ್ಚು ಹಾಕಿದ ಹೊಸ ಫರಸಿಕಲ್ಲು — "ತೊಗಲು ಹರಿತೈತಿ." ಆಮೇಲೆ ತಾವೇ ಸರಿಯುತ್ತ ಗೋಡೆಯ ಹತ್ತಿರ ಹೋದರು. ಅಲ್ಲಿ ಹಳೇ ಫರಸಿ ರಾಶಿ, ಯಾವುದೋ ಕೆಡವಿದ ವಾಡೆಯದು, ಹಳೇ ದೊಡ್ಡ ಮನೆಯದು. ಒಂದರ ಮೇಲೆ ಕೈ ಇಟ್ಟವರು ತೆಗೆಯಲೇ ಇಲ್ಲ. ಕಣ್ಣು ಮುಚ್ಚಿದರು.

"ಜಾರಂಗಿಲ್ಲ, ತೊಗಲೂ ಹರಿಯಂಗಿಲ್ಲ. ಇದರ ಮ್ಯಾಲ ಯಾರೋ ಭಾಳ ವರ್ಷ ಕುಂತು ಬೀಸ್ಯಾರ. ಇಲ್ಲಿ ಸವದೈತಿ, ಇಲ್ಲಿ ಕುಂತಿದ್ಲು. ಕಾಲು ಇತ್ತಾಗ ಚಾಚತಿದ್ಲು."

"ಯಾ ಅಲ್ಲಾ!" ಮಕ್ಬುಲಸಾಬರು ಅಲ್ಲೇ ಕುಕ್ಕರಿಸಿದರು. "ಬೀಸೋಕಲ್ಲಿನ ಮಗ್ಗಲದಿಂದ ನಾನ ಎಬ್ಬಿಸೀನ್ರಿ ಅದನ್ನ! ನಿಮಗ್ಯಾರು ಹೇಳಿದ್ರು?"

"ಯಾರ ಹೇಳಬೇಕು? ನಲವತ್ತು ವರ್ಷದಿಂದ ನೆಲಾನ ಮುಟ್ಕೊಂತ ಬಂದೀನಿ."

ನಾನೂ ಮುಟ್ಟಿದೆ. ನನಗೆ ಬರೀ ಕಲ್ಲು. ಇವರೂ ಬಗ್ಗಿ ಮುಟ್ಟಿದರು, ಬಹಳ ಹೊತ್ತು. ಎದ್ದವರೇ, "ಟೈಲ್ಸಿನಾವಗ ಫೋನ್ ಮಾಡಿ ಬ್ಯಾಡ ಅಂತೀನಿ" ಎಂದರು.

ಹಳೇ ಕಲ್ಲಿಗೆ ಹೊಸದಾಗಿ ಗುಡ್ಡ ಒಡೆಯಬೇಕಿಲ್ಲ, ಭಟ್ಟಿ ಉರಿಸಬೇಕಿಲ್ಲ. ಬಿದಿರು ಹೊಗಳಿದ ಪತ್ರಿಕೆಯವರಿಗೆ ಯಾರಾದರೂ ಹೇಳಬೇಕು.

೨ ಏಪ್ರಿಲ್

ಮಕ್ಬುಲಸಾಬರೇ ಗೌಂಡಿಗಳನ್ನು ಕರೆತಂದು ಫರಸಿ ಕೂರಿಸುತ್ತಿದ್ದಾರೆ. ಇವತ್ತಿನದು ಬರೆಯಲೇಬೇಕು. ಮಕ್ಬುಲಸಾಬರು ಕಲ್ಲು ಸಮ ಕೂತಿದೆಯೇ ಎಂದು ರಸಮಟ್ಟ ಇಟ್ಟರು, ಗುಳ್ಳೆ ಸರಿಯಾಗಿ ನಡುವೆ. ಅಕ್ಕ ಕೈ ಆಡಿಸಿ, "ಈ ಮೂಲಿ ಎದ್ದೈತ್ರಿ" ಅಂದರು.

"ಮಟ್ಟ ಸುಳ್ಳ ಹೇಳತೈತೇನ್ರಿ ಅಕ್ಕಾರ?"

"ನನ್ನ ಕೈ ಹೇಳತೈತೇನು?"

ಕಲ್ಲು ಎಬ್ಬಿಸಿ ನೋಡಿದರೆ ಮೂಲೆಯಡಿ ಕಡಲೆಯಷ್ಟು ಹರಳು! ಅಲ್ಲಿಂದ ಅಕ್ಕ ಪಾಸ್ ಮಾಡದೆ ಒಂದು ಸಂದಿಗೂ ಸಿಮೆಂಟ್ ಬಿದ್ದಿಲ್ಲ. ಬಿಸಿಲಲ್ಲಿ ಕೆಂಪಾಗಿ, ಸೆರಗು ಬಿಗಿದು, ದೊಡ್ಡ ಗೌಂಡಿಯನ್ನು ಬೈಯುತ್ತಾ... ಈ ಕಳಕಮ್ಮಕ್ಕನನ್ನು ನಾನು ನೋಡಿಯೇ ಇರಲಿಲ್ಲ. ಕಣ್ಣು ತುಂಬ ನೋಡಿದೆ.

ತಲೆಬಾಗಿಲು ಬಿಟ್ಟು ಒಳಗೆಲ್ಲೂ ಹೊಸ್ತಿಲು ಬೇಡ ಎಂದೆ. ಇವರೇ ಹೋಗಿ ಗೌಂಡಿಗೆ ಹೇಳಿದರು.

೮ ಮೇ, ಬೆಳಿಗ್ಗೆ ೬.೨೦

ಹೊಸ ಮನೆಯಲ್ಲಿ ಮೂರನೇ ದಿನ. ಸ್ವಲ್ಪ ಜ್ವರ, ಎದ್ದಿಲ್ಲ. ಇವರಿನ್ನೂ ಗೊರಕೆ. ಹಳೇ ಮನೆಯ ಅಡುಗೆಮನೆಗೆ ಎರಡು ಮೆಟ್ಟಿಲು, ಅಕ್ಕ ಒಳಗೆ ಬಂದದ್ದೇ ಇಲ್ಲ. ಹನ್ನೊಂದು ವರ್ಷ ಬೆಳಗಿನ ಚಹಾ ಅವರಿದ್ದಲ್ಲಿಗೆ ನಾನೇ ಒಯ್ದದ್ದು. ಇವತ್ತು ತಡವಾಯಿತು, ಪಾಪ, ಕಾಯುತ್ತಿರಬೇಕು. ನಿನ್ನೆ ಯಾಕೋ ಅಕ್ಕ ಇವರಿಗೆ ಹೇಳಿ ಗ್ಯಾಸ್ ಒಲೆ ಕೆಳಗೆ, ನೆಲದ ಮೇಲೆ ಇಡಿಸಿಕೊಂಡಿದ್ದಾರೆ...

ಏನೋ ಸದ್ದು. ಅಂಗೈ ಊರಿದ್ದು, ಮೈ ಸರಿದದ್ದು. ನಡುನಡುವೆ ಕಪ್-ಬಸಿ ಕಿಣಿಕಿಣಿ.

ಬಾಗಿಲಲ್ಲಿ ಅಕ್ಕ! ಮುಂದೆ ಚಹಾ. ಫರಸಿಯ ಮೇಲೆ ಇಷ್ಟಿಷ್ಟೇ ದೂಡಿಕೊಂಡು, ಅಡುಗೆಮನೆಯಿಂದ ಇಲ್ಲಿಯ ತನಕ. ಬಸಿಯಲ್ಲಿ ಒಂದು ಹನಿಯೂ ಚೆಲ್ಲಿಲ್ಲ.

"ಏನು ಬರಕೊಂತ ಕುಂತೀಯವ್ವ? ಆರತೈತಿ, ಕುಡಿ. ನಾಳಿಂದ ಮುಂಜಾನಿ ಚಾ ನಂದು."

ಶಿವನೇ. ಅಕ್ಷರ ಕಾಣುತ್ತಿಲ್ಲ. ಕುಡಿದು ಆಮೇಲೆ ಬರೆ—