ಮೂರನೆಯ ಕರೆ

ಜೂನ್ 3, ಸೋಮವಾರ

ವಿದೇಶಿ ಸ್ವಯಂಸೇವಕರ ಹೊಸ ಬ್ಯಾಚ್ ಬಂದಿಳಿಯಿತು. ಎಲ್ಲರೂ ಬೆವರಲ್ಲಿ ತೊಯ್ದು ತೊಪ್ಪೆ. ಕ್ಲಾಸಿನ ಮಧ್ಯೆ ಕರೆಂಟ್ ಹೋಗಿ ಫ್ಯಾನು ನಿಂತಿತು. ಎಲ್ಲ ಮುಖಗಳೂ ಒಟ್ಟಿಗೆ ಮೇಲಕ್ಕೆ. "ಇದೇ ಮೊದಲನೇ ಪಾಠ" ಅಂದೆ. ನಕ್ಕರು. ಪ್ರತಿ ಬ್ಯಾಚಿಗೂ ಇದೇ ಜೋಕು, ಕರೆಂಟ್ ಒಮ್ಮೆಯೂ ನನ್ನ ಮಾನ ಕಳೆದಿಲ್ಲ.

ಉಳಿದದ್ದು ಮಾಮೂಲು. ಕುದಿಸಿದ ನೀರು. ಸೊಳ್ಳೆಪರದೆಯನ್ನು ಹಾಸಿಗೆಯಡಿ ಸಿಕ್ಕಿಸುವುದು. ಶೂ ಕೊಡವದೆ ಕಾಲು ಹಾಕಬೇಡಿ. 'ಇಲ್ಲೇ ಹತ್ತಿರ' ಅಂದರೆ ನೀರಿನ ಬಾಟಲಿ ಜೊತೆಗಿರಲಿ. 'ಈಗ ಬಂದೆ' ಅಂದರೆ ಓದಲು ಪುಸ್ತಕವಿರಲಿ. ಒಂದೇ ಬೀದಿಯಲ್ಲಿ ನಾಲ್ಕು ಭಾಷೆ, ನಾಲ್ಕು ಥರದ ನಮಸ್ಕಾರ — ಯಾವುದೂ ತಿಳಿಯದಿದ್ದರೆ ಎದೆ ಮೇಲೆ ಕೈ ಇಟ್ಟು ನಗಿ, ಎಲ್ಲ ಕಡೆ ನಡೆಯುತ್ತೆ.

ಒಬ್ಬಳು ನರ್ಸ್ ಇದ್ದಾಳೆ. ಬಿಳಿಚು ಹುಡುಗಿ, ಒಳಗೂ ಹೊರಗೂ ಕೈಯಲ್ಲಿ ದೊಡ್ಡ ಕಪ್ಪು ಕೊಡೆ. ನಮ್ಮ ಭಾಷೆಯನ್ನು ಊರಿಂದಲೇ ಕಲಿತು ಬಂದಿದ್ದಾಳೆ. ನಾನು ಕೆಮ್ಮಿದರೂ ಬರೆದುಕೊಳ್ಳುತ್ತಾಳೆ.

ಜೂನ್ 5, ಬುಧವಾರ

ಇವತ್ತು ನನ್ನ ಫೇಮಸ್ ಕ್ಲಾಸ್. 'ಮೂರು ಕರೆ.' ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಬಾಗಿಲು ಬರೆದೆ. ಬಾಗಿಲ ಒಳಗೆ ನಾನು ಮನೆಯಾಕೆ, ಹೊರಗೆ ಅವರು ದಾರಿಹೋಕರು. ಮೊದಲನೇ ಸಲ 'ಬನ್ನಿ ಒಳಗೆ' ಅಂದರೆ ಅದು ಬಾಯಿಮಾತು. ಎದೆ ಮೇಲೆ ಕೈ, ನಗು, 'ಇನ್ನೊಂದು ದಿನ', ಮುಂದೆ ನಡೆಯಿರಿ. ಎರಡನೇ ಸಲ ಕರೆದರೆ ಅದು ಮರ್ಯಾದೆ. ಮತ್ತೆ ಕೈ, ನಗು. ಮೂರನೇ ಸಲ ಕರೆದರೆ ನಿಜ. ಚಪ್ಪಲಿ ಬಿಟ್ಟು ಒಳಗೆ ಹೋಗಿ.

ಹೊಟ್ಟೆ ಹುಣ್ಣಾಗುವಷ್ಟು ನಗು. ಒಬ್ಬ ಗಡ್ಡದವನು ಮೊದಲ ಕರೆಗೇ ಬಾಗಿಲು ದಾಟಿ ನುಗ್ಗಿದ. ಕೊಡೆ ನರ್ಸ್ ಮಾತ್ರ ಒಂದಿಷ್ಟೂ ತಪ್ಪಲಿಲ್ಲ. "ನೋಡಿ, ಹೀಗೆ!" ಎಂದು ಎಲ್ಲರ ಮುಂದೆ ಚಪ್ಪಾಳೆ ತಟ್ಟಿದೆ. ಕಿವಿಯವರೆಗೂ ಕೆಂಪಾದಳು.

ಈ ಪಾಠ ಯಾವ ಪುಸ್ತಕದಲ್ಲೂ ಇಲ್ಲ. ನಾನೇ ಕಟ್ಟಿದ್ದು. ಅತ್ತೆಯ ಕಿಟಕಿ ದಾಟಿ ಬರುವಾಗ ಅವರು ಕರೆದರೆ ದಿನಾ ನಾನು ಮಾಡುವುದೂ ಅದೇ ತಾನೇ.

ಜೂನ್ 6, ಗುರುವಾರ

ಸಂಜೆ ಅತ್ತೆ ಹಿಡಿದೇ ಬಿಟ್ಟರು. ಬೀದಿಗೆ ತೆರೆಯುವ ಕಿಟಕಿ, ಪಕ್ಕದಲ್ಲಿ ಬೆತ್ತದ ಕುರ್ಚಿ, ಬೆಳಗಿಂದ ಸಂಜೆವರೆಗೂ ಅಲ್ಲೇ ಪಹರೆ. ಅಪ್ಪನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನ ಜಡೆ ಹೆಣೆದವರು, ಓದಿಸಿದವರು. ಈಗ ಒಬ್ಬರೇ. ಮಗ — ನನಗೆ ಭಾವ — ಬಂದರಿನ ಐಸ್ ಫ್ಯಾಕ್ಟರಿಯಲ್ಲಿದ್ದಾರೆ, ಭಾನುವಾರ ಬರುತ್ತಾರೆ.

ಟೀ ಕುಡಿಯುತ್ತಾ ಮೂರು ಕರೆಯ ಕಥೆ ಹೇಳಿದೆ. ಅತ್ತೆ ಬಿದ್ದು ಬಿದ್ದು ನಕ್ಕರು.

"ಅಯ್ಯೋ ನಿನ್ನ! ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಅನ್ನೋಕೆ ನಾನೇನು ಪಾತ್ರೆ ಹರಾಜು ಹಾಕ್ತಿದ್ದೀನೇನೇ? ಕರೆಯೋದು ಒಂದ್ಸಲ. ಬಂದ್ರೆ ಬಂದ್ರು, ಹೋದ್ರೆ ಅವರ ಕೆಲಸ ಅವರಿಗೆ."

"ಅದೆಲ್ಲಾ ನಿಮ್ಮ ಕಾಲ, ಅತ್ತೆ."

"ಹೂಂ. ಈಗಿಂದು ಕಾಲಿಗೆ ಚಕ್ರ ಕಟ್ಕೊಂಡಿರೋರ ಕಾಲ."

ನನಗೇ ಚುಚ್ಚಿದ್ದು. ಗೊತ್ತಾಗದವಳ ಹಾಗೆ ಲೋಟ ತೊಳೆದಿಟ್ಟು ಬಂದೆ.

ಜೂನ್ 11, ಮಂಗಳವಾರ

ಟ್ರೈನಿಂಗ್ ಮುಗಿಯಿತು. ಎಲ್ಲರೂ ಅವರವರ ಕೆಲಸದ ಜಾಗಕ್ಕೆ. ಕೊಡೆ ನರ್ಸಿಗೆ ನಮ್ಮ ಕಡೆಯದೇ ಕ್ಲಿನಿಕ್. ಅತ್ತೆಯ ಬೀದಿಯ ಕೊನೆಯಲ್ಲಿ ರೂಮು ನಾನೇ ಹುಡುಕಿಕೊಟ್ಟೆ. ಅತ್ತೆಗೆ ಹೊಸ ಸಿನಿಮಾ ಸಿಕ್ಕ ಹಾಗಾಗಿದೆ. 'ಕೊಡೆ ಮಗಳು' ಎಂದು ಹೆಸರಿಟ್ಟಾಗಿದೆ. "ಬಾ ಅಂದ್ರೆ ಎದೆ ಮುಟ್ಕೊಂಡು ನಕ್ಕು ಹೋಗ್ತಾಳೆ ಕಣೇ. ಪಾಪ, ಏನು ನಾಚಿಕೆಯೋ!"

ನಾಚಿಕೆಯಲ್ಲ, ನನ್ನ ಪಾಠ ಎಂದು ಹೇಳಬೇಕಿತ್ತು. ಆಮೇಲೆ ಹೇಳಿದರಾಯಿತು. ಲೇಟಾಗಿತ್ತು.

ಜೂನ್ 20, ಗುರುವಾರ. ಮಧ್ಯಾಹ್ನ

ತಲೆ ಚಿಟ್ಟು ಹಿಡಿದಿದೆ. ಬೆಳಿಗ್ಗೆಯಿಂದ ರಿಪೋರ್ಟು, ರಿಪೋರ್ಟು. ಡೈರೆಕ್ಟರ್‌ಗೆ ಇವತ್ತೇ ಬೇಕಂತೆ. ಬರುವಾಗ ಅತ್ತೆ ಕಿಟಕಿಯಿಂದ, "ಬಾರೇ, ಒಳಗೆ ಬಾ" ಅಂದರು. ದನಿ ದಪ್ಪಗಿತ್ತು, ಆಗಷ್ಟೇ ಎದ್ದಿರಬೇಕು. "ಸಂಜೆ ಬರ್ತೀನಿ, ವ್ಯಾನ್ ಕಾಯ್ತಿದೆ" ಎಂದು ಕೈ ಬೀಸಿ ಬಂದೆ. ಸಂಜೆ ಹೋಗಲೇಬೇಕು. ಹೋಗುವಾಗ ಬ್ರೆಡ್ ತ—

ಜೂನ್ 21, ಶುಕ್ರವಾರ

ಆಗ ಬಂದದ್ದು ಆಸ್ಪತ್ರೆಯಿಂದ ಫೋನ್.

ಲಕ್ವ. ಬಲಗೈ, ಬಲಗಾಲು, ಮಾತು — ಮೂರೂ ಹೋಗಿವೆ. ಪಕ್ಕದ ಮನೆ ಟೈಲರ್ ಮಧ್ಯಾಹ್ನ ಅಳತೆಯ ರವಿಕೆ ವಾಪಸ್ ಕೊಡಲು ಹೋದಾಗ ಅತ್ತೆ ಕಿಟಕಿಯ ಕೆಳಗೆ ಬಿದ್ದಿದ್ದರಂತೆ. ಬೇಗ ತಂದಿದ್ದರೆ ಒಂದು ಇಂಜೆಕ್ಷನ್ ಕೊಡಬಹುದಿತ್ತು ಅಂದರು ಡಾಕ್ಟರ್. ಆ ಹೊತ್ತು ದಾಟಿತ್ತಂತೆ.

ಟೈಲರ್ ಎಲ್ಲರಿಗೂ ಒಂದೇ ಕಥೆ ಹೇಳುತ್ತಿದ್ದಾನೆ. "ನಾನು ಅಂಗಡಿ ಬಾಗಿಲು ತೆಗೀತಿದ್ದೆ ಸಾರ್. ಅಮ್ಮ ಬಾ ಬಾ ಅಂತ ಕರೀತಿದ್ರು. ಆ ಕೊಡೆ ಹುಡುಗಿ ನಗ್ತಾ ನಗ್ತಾ ಹೋದ್ಲು. ನರ್ಸಂತೆ ನರ್ಸು!"

ಭಾವ ಬಂದರಿನಿಂದ ಓಡಿ ಬಂದಿದ್ದರು. "ಕರೆದ್ರೂ ನಕ್ಕೊಂಡು ಹೋದ್ಲಾ? ಮನುಷ್ಯಳೇನೇ ಅವಳು?" ಎಂದು ನನ್ನನ್ನು ಕೇಳಿದರು.

ಟೈಲರ್ ಅಂಗಡಿ ತೆಗೆಯುವ ಮೊದಲೇ ನಾನು ಆ ಬೀದಿ ದಾಟಿದ್ದೆ. ಅತ್ತೆ ಮೊದಲು ಕರೆದದ್ದು ನನ್ನನ್ನು. ಆ ದಪ್ಪ ದನಿ ನಿದ್ದೆಯದ್ದಲ್ಲ. ಎರಡು ಹೆಜ್ಜೆ ಕಿಟಕಿಯ ಹತ್ತಿರ ಹೋಗಿದ್ದರೆ ಸಾಕಿತ್ತು. ಕೈ ಬೀಸಿದೆ.

ಭಾವನಿಗೆ ನೀರು ತರುತ್ತೇನೆ ಎಂದು ಎದ್ದು ಹೋದೆ.

ಜೂನ್ 24, ಸೋಮವಾರ

ಭಾವ ಕಂಪ್ಲೇಂಟ್ ಕೊಟ್ಟರು. ಆಫೀಸಿನಲ್ಲಿ ಮೀಟಿಂಗ್. ಡೈರೆಕ್ಟರ್, ಭಾವ, ಕೊಡೆ ನರ್ಸ್, ನಾನು. ಅವಳ ಕೈಯಲ್ಲಿ ಕೊಡೆ ಇರಲಿಲ್ಲ. ಬಿಸಿಲಲ್ಲಿ ನಡೆದು ಬಂದು ಮೂಗು ಸುಲಿದಿತ್ತು.

ಯಾಕೆ ಒಳಗೆ ಹೋಗಲಿಲ್ಲ ಎಂದು ಕೇಳಿದರು.

"ಗೌರವ ಅಂದುಕೊಂಡೆ," ಅಂದಳು. "ಕ್ಷಮಿಸಿ."

"ಗೌರವನಾ?" ಎಂದು ಭಾವ ಎದ್ದೇ ನಿಂತರು.

ಡೈರೆಕ್ಟರ್ ನನ್ನ ಕಡೆ ತಿರುಗಿದರು. "ಟ್ರೈನಿಂಗ್‌ನಲ್ಲಿ ಏನು ಹೇಳ್ಕೊಡ್ತೀರಮ್ಮ ನೀವು?"

ಅದೇ ಸರಿಯಾದ ಹೊತ್ತು. ಬಾಗಿಲು ತೆರೆದೇ ಇತ್ತು. "ಜನರ ಜೊತೆ ಬೆರೆಯೋಕೆ ಹೇಳ್ಕೊಡ್ತೀವಿ ಸರ್," ಅಂದೆ. ಲೋಟಗಳಿಗೆ ನೀರು ಬಗ್ಗಿಸಿದೆ. ಯಾರಿಗೂ ನೀರು ಬೇಕಿರಲಿಲ್ಲ.

ಅವಳು ಒಮ್ಮೆ ನನ್ನನ್ನು ನೋಡಿದಳು. ಕೋಪವಿರಲಿಲ್ಲ ಆ ನೋಟದಲ್ಲಿ. ಕ್ಲಾಸಿನಲ್ಲಿ ಅರ್ಥವಾಗದಿದ್ದಾಗ ನೋಡುತ್ತಿದ್ದಳಲ್ಲ, ಹಾಗೆ. ನಾನು ಹೇಳಿಕೊಡುತ್ತೇನೆಂದು ಕಾಯುತ್ತಿದ್ದಳು. ಹೇಳಿಕೊಡಲಿಲ್ಲ.

ಶನಿವಾರ ಅವಳನ್ನು ಊರಿಗೆ ಕಳಿಸುತ್ತಾರೆ. ಅವಳ ಊರಿನ ಆಸ್ಪತ್ರೆಗೂ ಪತ್ರ ಹೋಗುತ್ತದಂತೆ — ಕರ್ತವ್ಯದಲ್ಲಿ ನಿರ್ಲಕ್ಷ್ಯ. ಅಂದರೆ ಅಲ್ಲೂ ಅವಳ ಕೆಲಸಕ್ಕೆ ಕಲ್ಲು.

ನನ್ನ ನಾಲಿಗೆ ಬಿದ್ದುಹೋಗಿತ್ತಾ? ಬಿದ್ದುಹೋದದ್ದು ಅತ್ತೆಯದು. ನನ್ನದು ಚೆನ್ನಾಗಿಯೇ ಇದೆ.

ಜೂನ್ 26, ಬುಧವಾರ

ಆಸ್ಪತ್ರೆ. ಭಾವ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು, ಅರ್ಧ ಕೆನ್ನೆಗೆ, ಅರ್ಧ ಬಟ್ಟೆಗೆ. ಹೇಳಿಯೇ ತೀರಬೇಕು ಎಂದು ಹೊರಟವಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. "ಭಾವಾ, ಒಂದು ವಿಷ್ಯ..." ಅಂದೆ.

"ನಿನ್ನ ಹತ್ರ ನಾನೂ ಹೇಳ್ಬೇಕಿತ್ತು," ಅಂದರು. "ನೀನೊಬ್ಬಳು ಹತ್ರ ಇದ್ದೀಯಲ್ಲ, ಅದೇ ನಂಗೆ ಧೈರ್ಯ. ಇಲ್ದಿದ್ರೆ ಅಮ್ಮನ್ನ ಯಾರ ಕೈಗೆ ಬಿಟ್ಟು ಹೋಗ್ಲಿ ಹೇಳು?"

ಗಂಜಿ ಬಟ್ಟಲು ತೊಳೆದೆ. ನಾನು ಏನೂ ಹೇಳಲಾಗದಾಗಲೆಲ್ಲ ಏನಾದರೊಂದು ತೊಳೆಯುತ್ತೇನೆ. ಥೂ.

ಅತ್ತೆ ನನ್ನನ್ನೇ ನೋಡುತ್ತಿದ್ದರು. ಅವರಿಗೆ ನೆನಪಿದೆಯೋ ಇಲ್ಲವೋ. ಇರಲಿ ಎಂದೂ ಅನಿಸುತ್ತದೆ, ಬೇಡ ಎಂದೂ.

ಜೂನ್ 28, ಶುಕ್ರವಾರ

ಅವಳ ರೂಮಿಗೆ ಹೋದೆ. ಬಾಗಿಲಲ್ಲಿ ನಿಂತೆ. ಒಂದೇ ಸಲ "ಬನ್ನಿ" ಅಂದಳು. ಹೋದೆ.

ಸೂಟ್‌ಕೇಸ್ ಅರ್ಧ ತುಂಬಿತ್ತು. ಸೊಳ್ಳೆಪರದೆಯನ್ನು ನಾನು ಹೇಳಿಕೊಟ್ಟ ಹಾಗೆಯೇ ಮಡಚಿಟ್ಟಿದ್ದಳು. ಕೊಡೆ ಮೂಲೆಯಲ್ಲಿ.

"ಇದನ್ನು ಯಾರಿಗಾದರೂ ಕೊಡಿ. ಅವತ್ತು ಇದು ತಲೆಯ ಮೇಲಿತ್ತು. ಎತ್ತಿದ್ದರೆ ಅತ್ತೆಯ ಮುಖ ಕಾಣುತ್ತಿತ್ತು. ಬಾಯಿ ಓರೆಯಾದದ್ದು ನನಗೆ ತಿಳಿಯುತ್ತಿತ್ತು. ನಾನು ನರ್ಸ್." ಪುಸ್ತಕದ ಭಾಷೆಯಲ್ಲಿ, ಒಂದೊಂದೇ ಮಾತು ಆರಿಸಿ ಹೇಳಿದಳು. "ಅವರು ಎರಡು ಸಲ ಕರೆದರು. ಬೀದಿಯ ಮೂಲೆಗೆ ಹೋಗಿ ನಿಂತೆ. ಮೂರನೆಯದಕ್ಕೆ ಕಾದೆ. ನನಗೆ ಅವರ ಮನೆ ಒಳಗೆ ಹೋಗಲು ತುಂಬಾ ಆಸೆ ಇತ್ತು."

ಅಲ್ಲೇ ಕೂತೆ.

"ಮೀಟಿಂಗಲ್ಲಿ ಯಾಕೆ ಹೇಳಲಿಲ್ಲ? ನಾನು ಕಲಿಸಿದ್ದು ಅಂತ?"

"ನೀವು ಹೇಳುತ್ತೀರಿ ಅಂದುಕೊಂಡೆ," ಅಂದಳು.

ನಾಳೆ ವ್ಯಾನ್ ಹೊರಡುವ ಮೊದಲು ಡೈರೆಕ್ಟರ್‌ಗೆ, ಭಾವನಿಗೆ, ಇಬ್ಬರಿಗೂ. ಖಂಡಿತ. ಇಲ್ಲಿ ಬರೆದಿದ್ದೇನೆ, ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

ಜೂನ್ 29, ಶನಿವಾರ

ತಪ್ಪಿಸಿಕೊಂಡೆ.

ಬೆಳಿಗ್ಗೆ ಆಫೀಸಿಗೆ ಹೋದೆ. ಡೈರೆಕ್ಟರ್ ಬಾಗಿಲ ತನಕವೂ ಹೋದೆ. ಒಳಗೆ ಯಾರೋ ಇದ್ದರು, ಕಾಯೋಣ ಎಂದು ಬೆಂಚಿನ ಮೇಲೆ ಕೂತೆ. ಕಿಟಕಿಯಿಂದ ವ್ಯಾನ್ ಕಾಣುತ್ತಿತ್ತು. ಅವಳು ಹತ್ತಿದಳು. ಡ್ರೈವರ್ ಬೀಡಿ ಮುಗಿಸಿ, ಕನ್ನಡಿ ಒರೆಸಿ, ನಿಧಾನಕ್ಕೆ ಹೊರಟ. ಅಷ್ಟು ನಿಧಾನದಲ್ಲಿ ಕುಂಟನೂ ಓಡಿ ಹಿಡಿಯಬಹುದಿತ್ತು. ನಾನು ಕೂತೇ ಇದ್ದೆ.

ವ್ಯಾನ್ ಗೇಟು ದಾಟಿದ ಮೇಲೆ ಕಾಲಿಗೆ ಶಕ್ತಿ ಬಂತು. ಎಂಥಾ ಕಾಲು!

ನೇರ ಆಸ್ಪತ್ರೆಗೆ ಹೋದೆ. ವರಾಂಡದಲ್ಲಿ ಭಾವ. ಎಲ್ಲ ಹೇಳಿದೆ — ಸೀಮೆಸುಣ್ಣದ ಬಾಗಿಲು, ಮೂರು ಕರೆ, ಅವತ್ತು ಅತ್ತೆ ಮೊದಲು ನನ್ನನ್ನೇ ಕರೆದದ್ದು, ನಾನು ಕೈ ಬೀಸಿದ್ದು. ಒಂದೂ ಬಿಡಲಿಲ್ಲ. ಬೈಯುತ್ತಾರೆ, ಹೊಡೆದರೂ ಸರಿಯೇ ಅಂದುಕೊಂಡೆ.

ಭಾವ, "ಆ ಹುಡುಗಿ ವ್ಯಾನ್ ಹೋಯ್ತಾ?" ಅಂದರು.

"ಹೋಯ್ತು."

"ಅದಕ್ಕೇ ಈಗ ಹೇಳ್ತಿದ್ದೀಯ."

ಎದ್ದು ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡರು.

ಜುಲೈ 1, ಸೋಮವಾರ

ಡೈರೆಕ್ಟರ್‌ಗೆ ಬರೆದು ಕೊಟ್ಟೆ. ಓದಿ ಕನ್ನಡಕ ತೆಗೆದರು. "ಈಗ ಇದನ್ನೆಲ್ಲ ಎಬ್ಬಿಸಿ ಏನುಪಯೋಗ ಅಮ್ಮಾ? ಮುಗಿದುಹೋದ ವಿಷಯ." ಪತ್ರ ವಾಪಸ್ ನನ್ನ ಕಡೆಗೇ ತಳ್ಳಿದರು. ತೆಗೆದುಕೊಳ್ಳಲಿಲ್ಲ. ಅವಳ ಊರಿನ ಆಸ್ಪತ್ರೆಯ ವಿಳಾಸ ಕೇಳಿದೆ. ಕೊಡಲಿಲ್ಲ. ಕ್ಲರ್ಕ್ ಕೊಟ್ಟಳು. ಅಲ್ಲಿಗೂ ಬರೆದೆ: ತಪ್ಪು ಅವಳದಲ್ಲ, ಕಲಿಸಿದವಳದು.

ಅಂಚೆಗೆ ನಾನೇ ಹೋಗಿ ಹಾಕಿ ಬಂದೆ.

ಜುಲೈ 3, ಬುಧವಾರ

ಅತ್ತೆಯನ್ನು ಮನೆಗೆ ಕರೆತಂದರು. ಭಾವನ ರಜೆ ಮುಗಿದಿದೆ. ಹಗಲಿಗೆ ಒಬ್ಬ ಆಯಾ. ಉಳಿದ ಹೊತ್ತು? ಬೆಳಿಗ್ಗೆ ಹೋದಾಗ ಭಾವ ಮಾತಾಡಲಿಲ್ಲ. ಬೀಗದ ಕೈಯನ್ನು ಕಿಟಕಿಯ ಮೇಲೆ ಇಟ್ಟರು, ನನ್ನ ಕೈಗಲ್ಲ. "ಬಿಳಿ ಮಾತ್ರೆ ಊಟಕ್ಕೆ ಮುಂಚೆ" ಎಂದು ಗೋಡೆಗೆ ಹೇಳಿ ಹೊರಟರು.

ಕೀ ತೆಗೆದುಕೊಂಡೆ. ಕ್ಷಮಿಸಿದ್ದಲ್ಲ ಅದು. ಬೇರೆ ದಾರಿ ಇರಲಿಲ್ಲ ಅವರಿಗೆ.

ಜುಲೈ 8, ಸೋಮವಾರ

ಮತ್ತೊಂದು ಬ್ಯಾಚ್. ಫ್ಯಾನು ನಿಂತಿತು. ಜೋಕು ಬಾಯಿಗೆ ಬರಲಿಲ್ಲ. ಒಬ್ಬ ಹುಡುಗ ಎದ್ದು ಕೇಳಿದ: "ಆ ಮೂರು ಕರೆ ಆಟ ಯಾವಾಗ? ಹಿಂದಿನ ಬ್ಯಾಚಿನವರು ಹೇಳಿದ್ದಾರೆ." ಅವರ ಗ್ರೂಪಿನಲ್ಲಿ ವೀಡಿಯೊ ಕೂಡ ಇದೆಯಂತೆ. ಅದರಲ್ಲಿ ನಾನು ಚಪ್ಪಾಳೆ ತಟ್ಟುತ್ತಿದ್ದೇನೆ, ಅವಳು ಕೆಂಪಾಗುತ್ತಿದ್ದಾಳೆ.

"ಆ ಪಾಠ ತಪ್ಪು," ಅಂದೆ. "ನಾನೇ ಕಟ್ಟಿದ್ದು. ಯಾರಾದರೂ ಕರೆದರೆ ಹೋಗಿ. ಬಾಯಿಮಾತಿಗೆ ಕರೆದಿದ್ದರೆ ಅವರಿಗೆ ಒಂದು ಲೋಟ ಟೀ ನಷ್ಟ, ಅಷ್ಟೇ." ಬರೆದುಕೊಂಡರು. ಏನು ಹೇಳಿದರೂ ಬರೆದುಕೊಳ್ಳುತ್ತಾರೆ, ಅದೇ ಭಯ.

ಜುಲೈ 19, ಶುಕ್ರವಾರ. ಸಂಜೆ

ಅತ್ತೆಯ ಮನೆಯಲ್ಲಿ ಬರೆಯುತ್ತಿದ್ದೇನೆ. ಈಗ ಇಲ್ಲೇ ವಾಸ. ಅತ್ತೆಗೆ ಒಂದೇ ಒಂದು ಮಾತು ಮರಳಿದೆ. 'ಬಾ.' ನೀರಿಗೂ ಬಾ, ಮಗ್ಗುಲು ಬದಲಿಸಲೂ ಬಾ, ನೊಣ ಓಡಿಸಲೂ ಬಾ. ಒಂದೇ ಸಲ ಹೇಳುತ್ತಾರೆ, ಮತ್ತೆ ಹೇಳುವುದಿಲ್ಲ. ಮೊದಲಿನ ಜಂಬವೇ. ನಾನು ಕೇಳಿಸಿಕೊಳ್ಳದಿದ್ದರೆ ಗೋಡೆ ಕಡೆ ಮುಖ ಮಾಡುತ್ತಾರೆ.

ಇವತ್ತು ಅವಳ ಪತ್ರ ಬಂತು. ಆಸ್ಪತ್ರೆಯವರು ನನ್ನ ಪತ್ರ ಓದಿದ್ದಾರಂತೆ, ವಿಚಾರಣೆ ಇನ್ನೂ ಮುಗಿದಿಲ್ಲವಂತೆ. ನನ್ನ ಬಗ್ಗೆ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಒಂದು ಅಕ್ಷರವಿಲ್ಲ. ಕೊನೆಯಲ್ಲಿ ಒಂದು ಸಾಲು: 'ಅತ್ತೆ ಈಗ ಕಿಟಕಿಯ ಹತ್ತಿರ ಕೂರುತ್ತಾರಾ?'

ಕೂರುತ್ತಾರೆ. ದಿಂಬು ಕೊಟ್ಟು ಕೂರಿಸುತ್ತೇನೆ. ಬೀದಿ ನೋಡುತ್ತಾರೆ. ಯಾರಾದರೂ ಕೊಡೆ ಹಿಡಿದು ಹೋದರೆ ಎಡಗೈ ಎತ್ತಿ, ಬಾ, ಅನ್ನುತ್ತಾರೆ. ಯಾರೂ ನಿಲ್ಲುವುದಿಲ್ಲ. ಇದನ್ನು ಅವಳಿಗೆ ಬರೆಯಲೋ ಬೇಡವೋ? ಬರೆಯಬೇಕು. ಇದನ್ನಾದರೂ ಮುಚ್ಚಿಡದೆ, ಇದ್ದದ್ದು ಇದ್ದ ಹಾಗೆ, ಇವತ್ತೇ ಬರೆದು—

ಅತ್ತೆ ಕರೆದರು. ಬಂ—