ಅಪ್ಪನ ಕೈ ನಾನು ತೊಡುವುದಿಲ್ಲ

ನೀರು ನಿಂತ ಮೇಲಿನ ನೂರ ಎಂಬತ್ತನೆಯ ವರ್ಷ, ಉದ್ದ ಮಾಘದ ಐವತ್ತೊಂದನೆಯ ದಿನ
ಹಿನ್ನೀರಿನ ದಂಡೆ, ಹೊಸ ಬೀಳಗಿ

ಇನ್ನೂ ಹುಟ್ಟದ ನನ್ನ ಮರಿಮೊಮ್ಮಗುವಿನ ಮಗುವಿಗೆ,

ಮೊದಲಿಗೆ ಕ್ಷಮಿಸು. ನನ್ನ ಮಾತು ನಿನ್ನ ಕಿವಿಗೆ ವಿಚಿತ್ರವಾಗಿ ಕೇಳಬಹುದು. ನಿಮ್ಮಲ್ಲಿ ಮಾಘ ಇನ್ನೂ ಉದ್ದವಾಗಿದೆಯೋ, ಯಾರಾದರೂ ಅದನ್ನು ಮತ್ತೆ ಕತ್ತರಿಸಿದ್ದಾರೋ ತಿಳಿಯದು. ನಮ್ಮಲ್ಲಿ ಚಳಿ ಉಳಿದಿರುವುದು ಅದೊಂದೇ ತಿಂಗಳಿಗೆ, ಹಾಗಾಗಿ ಹಿರಿಯರು ಅದನ್ನು ಎಳೆದು ಉದ್ದ ಮಾಡಿಕೊಂಡರು. ಗೊತ್ತಿಲ್ಲದ ಪದ ಬಂದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ. ಒಪ್ಪುವುದು ಬಿಡುವುದು ನಿನಗೆ ಸೇರಿದ್ದು, ಆದರೆ ಪೂರ್ತಿ ಓದು. ಊರವರ ಕಥೆ ನಿನಗೆ ಮೊದಲೇ ತಲುಪಿರುತ್ತದೆ: ಚಂಪಾವತಿ ತನ್ನ ಅಪ್ಪನ ಕೈಯನ್ನು ಅಳಿಸಿಹಾಕಿದಳು ಎಂದು. ಹೌದು, ಅಳಿಸಿದೆ.

ನಮ್ಮ ಓಣಿಯ ತುದಿಗೆ ಒಂದು ಅಚ್ಚುಗೂಡು ಇದೆ. ಬಟ್ಟೆ, ತಟ್ಟೆ, ಚಪ್ಪಲಿ, ಬಾಗಿಲ ಚಿಲಕ, ಏನು ಬೇಕೆಂದು ಬೆಳಿಗ್ಗೆ ಹೇಳಿದರೂ ಊಟದ ಹೊತ್ತಿಗೆ ಅದರ ಬಾಯಿಂದ ಬೆಚ್ಚಗೆ ಹೊರಬರುತ್ತದೆ. ಎಳೆಗೂಸುಗಳಿಗೆ ಬಿಸಿಪೊರೆ ಬಳಿಯುತ್ತಾರೆ. ಎಣ್ಣೆಯ ಹಾಗೆ ಮೈಗೆ ಸವರುವ ಪದರ ಅದು, ಚಳಿ ಹತ್ತಿರ ಸುಳಿಯುವುದಿಲ್ಲ. ಇಂಥ ಊರಿನಲ್ಲಿ ನನ್ನ ಅಪ್ಪ ಯಮನಪ್ಪ ಕುಂಚಿಗೆ ಹೊಲಿಯುತ್ತಿದ್ದ. ಕುಂಚಿಗೆ ಎಂದರೆ ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಯುವ ಟೊಪ್ಪಿಗೆ. ಬಾಣಂತಿಯ ಹಳೆಯ ಸೀರೆಯನ್ನೇ ಕೇಳಿ ತರುತ್ತಿದ್ದ. ಸೂಜಿ ಬಿಗಿಯಾದಾಗ ಎಣ್ಣೆ ಹಚ್ಚಿದ ತಲೆಗೂದಲಿಗೆ ಉಜ್ಜಿಕೊಂಡು ಮತ್ತೆ ಹೊಲಿಯುತ್ತಿದ್ದ. ಇದೆಲ್ಲ ಯಾಕೆ ಎಂದು ಯಾರಾದರೂ ಮೂಗು ಮುರಿದರೆ, "ಕೂಸಿಗೆ ಚಳಿ ಹತ್ತಂಗಿಲ್ಲ ಖರೆ, ಆದ್ರ ಅದಕ್ಕ ಅವ್ವನ ಸೀರಿ ವಾಸನಿ ಬ್ಯಾಡೇನು?" ಎನ್ನುತ್ತಿದ್ದ. ನನಗೆಂದು ಹೊಲಿದ ಕುಂಚಿಗೆ ನನ್ನ ಬಳಿಯೇ ಇದೆ. ಅವ್ವನ ಹಸಿರು ಸೀರೆ, ಕೆಂಪು ಅಂಚು, ಒಂದು ಕಿವಿಯ ಕಡೆಯ ಗೊಂಡೆ ದೊಡ್ಡದು, ಇನ್ನೊಂದು ಸಣ್ಣದು. ಬಜೆಬೇರು ಇಟ್ಟು ಹುಳದಿಂದ ಕಾಯುತ್ತೇನೆ, ಹರಿದಲ್ಲಿ ನನ್ನ ಸೊಟ್ಟ ಹೊಲಿಗೆ ಹಾಕುತ್ತೇನೆ. ಅದನ್ನು ಯಾರಾದರೂ ಒರಟಾಗಿ ಹಿಡಿದರೆ ನನಗೆ ತಡೆಯಲಾರದ ಸಿಟ್ಟು ಬರುತ್ತದೆ.

ಅಪ್ಪ ತೀರಿಕೊಂಡ ಮೇಲೆ ಕೈಮನೆಯವರು ಬಂದರು. ಕಸುಬಿನವರು ಬದುಕಿದ್ದಾಗಲೇ ಅವರ ಬೆರಳಿನ ಚಲನೆಗಳನ್ನು ಹಿಡಿದಿಡುವ ಕಚೇರಿ ಅದು. ಸತ್ತ ಮೇಲೆ ಅವನ್ನು ಒಂದು ಜೊತೆ ಕೈದೊಗಲಿಗೆ, ಅಂದರೆ ತೆಳ್ಳನೆಯ ಗವಸಿಗೆ, ತುಂಬಿ ಮನೆಯವರಿಗೆ ಕೊಡುತ್ತಾರೆ. ತೊಟ್ಟರೆ ನಿನ್ನ ಬೆರಳು ಸತ್ತವರ ಬೆರಳಿನಂತೆಯೇ ಆಡುತ್ತದೆ, ಕಲಿಯುವ ಕಷ್ಟವಿಲ್ಲ. ವರ್ಷದೊಳಗೆ ಯಾರೂ ಒಪ್ಪದಿದ್ದರೆ ಆ ಕೈಯನ್ನು ಅಳಿಸಿಬಿಡುತ್ತಾರೆ. ಒಪ್ಪಿದವರು ಮಾತ್ರ ಮತ್ತೆ ಬೇರೆ ಕಸುಬು ಕಲಿಯುವಂತಿಲ್ಲ. ಹೊಸ ಅಭ್ಯಾಸ ಬಿದ್ದರೆ ಕೈದೊಗಲಿನ ಹದ ಕೆಡುತ್ತದಂತೆ. ನಮ್ಮೂರಲ್ಲಿ ಎಲ್ಲರೂ ಒಪ್ಪಿದವರೇ. ಅದಕ್ಕೇ ನಾಲ್ಕು ತಲೆಮಾರಿನಿಂದ ಅದೇ ಮಡಕೆ, ಅದೇ ರಂಗೋಲಿ, ಅದೇ ತೊಟ್ಟಿಲು. ಇದನ್ನು ಪರಂಪರೆ ಎಂದು ಕರೆದು ಭಾಷಣ ಬೇರೆ ಮಾಡುತ್ತಾರೆ.

ಆಗಷ್ಟೇ ನಾನು ಪಕ್ಕದ ಮನೆಯ ದಾವಲಬಿಯಿಂದ ಬುಟ್ಟಿ ಹೆಣೆಯುವುದನ್ನು ಕಲಿಯತೊಡಗಿದ್ದೆ. ಹಿನ್ನೀರಿನ ಅಂತರಗಂಗೆಯ ದಂಟು ಒಣಗಿಸಿ ಹೆಣೆಯುವ ಬುಟ್ಟಿ. ನನ್ನ ಮೊದಲ ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ ದಾವಲಬಿ, "ಇದು ಬುಟ್ಟಿ ಅಲ್ಲವ್ವಾ, ಸಿಟ್ಟಿಗೆದ್ದ ಬೆಕ್ಕು" ಅಂದಳು. ಅಪ್ಪ ಹೋದ ಮೇಲೆ ನಾನು ನಕ್ಕದ್ದು ಅವತ್ತೇ. ಅಕ್ಕ ಮುತ್ತವ್ವ ನಗಲಿಲ್ಲ. ಅವಳ ಬೆರಳು ವಾತದಿಂದ ಸೆಟೆದಿವೆ, ಇಲ್ಲದಿದ್ದರೆ ಕೈದೊಗಲನ್ನು ಅವಳೇ ತೊಡುತ್ತಿದ್ದಳು. "ಅಪ್ಪನ್ನ ಒಮ್ಮೆ ಮಣ್ಣಿಗಿಟ್ಟೇವಿ. ಈಗ ನೀ ಇನ್ನೊಮ್ಮೆ ಇಡಾಕ್ಹತ್ತಿ" ಅಂದಳು. ಆ ಮಾತು ನಾಟಿತು. ಅವಳ ಸಮಾಧಾನಕ್ಕೆ ಒಂದು ಸಲ ತೊಟ್ಟು ನೋಡಲು ಒಪ್ಪಿದೆ.

ಕೈದೊಗಲು ಸೂಜಿ ಹಿಡಿಯಿತು. ಹೊಲಿಗೆ ಅಪ್ಪನದೇ, ಕೂದಲಷ್ಟೂ ವ್ಯತ್ಯಾಸವಿಲ್ಲ. ಸೂಜಿ ನನ್ನ ತಲೆಗೇರಿ ಕೂದಲಿಗೆ ಉಜ್ಜಿಕೊಂಡಿತು. ಮುತ್ತವ್ವ ಅಳತೊಡಗಿದಳು. ಆಮೇಲೆ ಎಡಗೈ ಬಟ್ಟೆ ಬಿಟ್ಟು ತಾನಾಗಿ ಕೆಳಗಿಳಿಯಿತು. ನನ್ನ ಮಂಡಿಯ ಪಕ್ಕದಲ್ಲಿ, ಕೂತ ಮಗುವಿನ ತಲೆಯಷ್ಟು ಎತ್ತರದಲ್ಲಿ ನಿಂತು, ಬರಿಯ ಗಾಳಿಯನ್ನು ನೇವರಿಸಿತು. ಅಲ್ಲಿ ಕೂತು ಅಪ್ಪನಿಗೆ ದಾರ ಕೊಡುತ್ತಿದ್ದವಳು ನಾನು. ಕೈಮನೆಯವರು ಅದನ್ನೂ ಕಸುಬು ಅಂದುಕೊಂಡು ಹಿಡಿದಿಟ್ಟಿದ್ದರು.

ನಾನು ಬಿಕ್ಕಿ ಬಿಕ್ಕಿ ಅತ್ತೆ, ಮುಚ್ಚಿಡುವುದಿಲ್ಲ. "ನೋಡು, ಅಪ್ಪ ಇಲ್ಲೇ ಅದಾನ. ಈಗರ ಒಪ್ಕೋ" ಅಂದಳು ಮುತ್ತವ್ವ. ನಾನು ಗಟ್ಟಿಯಾದದ್ದು ಆ ಗಳಿಗೆಯಲ್ಲೇ. ಆ ನೇವರಿಕೆ ನನಗೆ ಆಗಲೇ ಸಿಕ್ಕಿದೆ, ಅದನ್ನು ನನ್ನಿಂದ ಯಾರೂ ಕಸಿಯಲಾರರು. ಯಾರೂ ಇಲ್ಲದ ಜಾಗವನ್ನು ದಿನಾ ನೇವರಿಸುವುದನ್ನು ನಾನು ಅಪ್ಪ ಎಂದು ಕರೆಯಲಾರೆ. ನಾಳೆ ನನ್ನ ಮೊಮ್ಮಗಳು ಅಲ್ಲಿ ಬಂದು ಕೂತರೆ ಅವಳ ತಲೆ ಸವರಬೇಕಾದದ್ದು ನನ್ನ ಕೈ.

ಕೈಮನೆಗೆ ಹೋಗಿ ಹೆಬ್ಬೆಟ್ಟು ಒತ್ತಿದೆ. "ನಾಳಿಗೆ ಅತ್ತು ಕರದ್ರೂ ಸಿಗಂಗಿಲ್ರಿ" ಎಂದರು ಅಲ್ಲಿನವರು. "ಅಳಸ್ರಿ" ಅಂದೆ. ಮುತ್ತವ್ವ ಇವತ್ತಿಗೂ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಅದು ನೋಯುತ್ತದೆ. ಆದರೂ ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಕುಂಚಿಗೆಯನ್ನು ಮೊಮ್ಮಗಳಿಗೆ ತೊಡಿಸಿದೆ. ಅವಳು ದೊಡ್ಡ ಗೊಂಡೆಯನ್ನು ಚೀಪಿ ಚಿಂದಿ ಮಾಡಿದಳು, ಅಪ್ಪನಿದ್ದಿದ್ದರೆ ಹಿಗ್ಗಿಹೋಗುತ್ತಿದ್ದ. ನನ್ನ ಬುಟ್ಟಿಗಳು ಈಗ ನೆಟ್ಟಗೆ ನಿಲ್ಲುತ್ತವೆ. ಚಳಿ ಮುಗಿದ ಮೇಲೆ ಚಾಪೆಗೆ ಕೈ ಹಾಕಬೇಕೆಂದಿದ್ದೇನೆ.

ಮೊನ್ನೆ ಕೈಮನೆಯವರು ಬಂದು ನನ್ನ ಹೆಣಿಗೆಯನ್ನು ಹಿಡಿದಿಡುತ್ತೇವೆ ಎಂದರು. ಮುಖದ ಮೇಲೆ ಬಾಗಿಲು ಹಾಕಿದೆ. ನಾನು ಹೋದ ಮೇಲೆ ಒಂದು ಜೊತೆ ಕೈದೊಗಲು ತಂದು, ಇದು ಚಂಪಾವತಿಯ ಕೈ ಎಂದು ಯಾರಾದರೂ ನಿನ್ನ ಮುಂದೆ ಹಿಡಿದರೆ ನಂಬಬೇಡ. ನಾನು ಮಾಡಿದ್ದು ಏನಾದರೂ ಉಳಿದಿದ್ದರೆ ದಿನಾ ಬಳಸು, ಸವೆಯಲಿ. ಅದು ಮುರಿದ ದಿನ ನಿನಗೆ ಮನಸ್ಸಾದದ್ದನ್ನು ಕಲಿ, ಸೊಟ್ಟಗೇ ಮಾಡು, ನಗುವವರು ನಗಲಿ. ನಿನ್ನ ಕೈ ನಿನಗೇ ಇರಲಿ ಎಂದು ನಾನು ನನ್ನ ಅಪ್ಪನ ಕೈ ಬಿಟ್ಟಿದ್ದೇನೆ.

ಚಂಪಾವತಿ